ಪಟ್ಟಿಯ ಕೆಳಗಿನ ಸಂದು

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ಓದಿನಲ್ಲಿ ಸ್ವಲ್ಪ ಹಿಂದೆ. ನಮ್ಮೂರಲ್ಲಿ ರಜೆಗೆ ಎರಡು ದಿನದ ‘ಮಿಡ್‌ಬ್ರೇನ್ ಆ್ಯಕ್ಟಿವೇಶನ್’ ಶಿಬಿರ ಇಟ್ಟಿದ್ದಾರೆ. ಫೀಸು 25 ಸಾವಿರ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮಕ್ಕಳು ಪುಸ್ತಕ ಓದುವುದನ್ನು, ನೋಟಿನ ನಂಬರು ಹೇಳುವುದನ್ನು ಕಣ್ಣಾರೆ ನೋಡಿದೆ. ಸೇರಿಸಲೇ? (ಹಾವೇರಿಯ ತಾಯಿಯೊಬ್ಬರು)

ಬೇಡ. ಇಷ್ಟೇ ಬರೆದು ಮುಂದೆ ಹೋಗಬಹುದಿತ್ತು. ಆದರೆ ಏಪ್ರಿಲ್ ಬಂತೆಂದರೆ ಇದೇ ಪ್ರಶ್ನೆ ಬರುತ್ತದೆ. ಊರು, ಫೀಸು ಮಾತ್ರ ಬೇರೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಅವರು ‘ಆನ್’ ಮಾಡುತ್ತೇವೆನ್ನುವ ಮಿಡ್‌ಬ್ರೇನ್, ಅಂದರೆ ನಿಮ್ಮ ಮಗನ ಮಧ್ಯಮಿದುಳು, ಅವನು ಹುಟ್ಟುವ ಮೊದಲೇ ಕೆಲಸ ಶುರುಮಾಡಿದೆ. ಕುಕ್ಕರ್ ಸೀಟಿ ಹೊಡೆದರೆ ಅವನು ತಟ್ಟನೆ ಆ ಕಡೆ ತಿರುಗುತ್ತಾನಲ್ಲ, ಅದು ಅಲ್ಲಿನದೇ ಕೆಲಸ. ಮಿದುಳುಕಾಂಡದ ತುದಿಯಲ್ಲಿ ಸುಮಾರು ಎರಡು ಸೆಂಟಿಮೀಟರ್ ಉದ್ದದ ಈ ಭಾಗದ ಹಿಂಬದಿಯಲ್ಲಿ ನಾಲ್ಕು ಪುಟ್ಟ ಉಬ್ಬುಗಳಿವೆ. ಮೇಲಿನೆರಡು ಕಣ್ಣು ಹೊರಳಿಸುವುದಕ್ಕೆ, ಕೆಳಗಿನೆರಡು ಸದ್ದಿನ ಜಾಡು ಹಿಡಿಯುವುದಕ್ಕೆ. ತಲೆಗೆ ಪೆಟ್ಟಾದವರ ಕಣ್ಣಿಗೆ ಡಾಕ್ಟರು ಟಾರ್ಚ್ ಬಿಡುವುದನ್ನು ನೋಡಿರುತ್ತೀರಿ. ಬೆಳಕಿಗೆ ಪಾಪೆ ಕಿರಿದಾಯಿತೇ ಎಂದು ನೋಡುವುದೆಂದರೆ ಮಧ್ಯಮಿದುಳನ್ನೂ ವಿಚಾರಿಸಿಕೊಂಡಂತೆ. ನಾವು ಎಚ್ಚರವಾಗಿರುವುದಕ್ಕೂ ಅದು ಬೇಕು. ಅದು ನಿಜಕ್ಕೂ ಆಫ್ ಆಗಿದ್ದ ಮಗುವಿಗೆ ನೀವು ಐಸಿಯು ಹುಡುಕಬೇಕಾಗುತ್ತಿತ್ತು.

ಇನ್ನು ಓದು. ಬೆಳಕು ಕಣ್ಣೊಳಗಿನ ರೆಟಿನಾಕ್ಕೆ ಬೀಳಬೇಕು, ಅಲ್ಲಿಂದ ಸುದ್ದಿ ತಲೆಯ ಹಿಂಭಾಗದ ದೃಷ್ಟಿ ಕೇಂದ್ರಕ್ಕೆ ಹೋಗಬೇಕು, ಆಮೇಲೆ ಅಕ್ಷರ ಗುರುತಿಸುವ, ಭಾಷೆ ನೋಡಿಕೊಳ್ಳುವ ಜಾಗಗಳಿಗೆ. ಬೆಳಕೇ ಒಳಗೆ ಹೋಗದಿದ್ದರೆ ಯಾವ ಮಿದುಳೂ ಓದುವುದಿಲ್ಲ. ಹಾಗಾದರೆ ಆ ಮಕ್ಕಳು ಓದಿದ್ದು ಹೇಗೆ? ಮೂಗಿನ ಪಕ್ಕದ ಸಂದಿನಿಂದ. ಮೂಗು ಎದ್ದಿರುತ್ತದೆ, ಪಟ್ಟಿ ಅದರ ಮೇಲೆ ಡೇರೆಯಂತೆ ನಿಲ್ಲುತ್ತದೆ, ಕೆಳಗೆ ಜಾಗ ಉಳಿಯುತ್ತದೆ. ಬೇಕಾದರೆ ಇವತ್ತೇ ಒಂದು ಟವೆಲ್ ಕಟ್ಟಿಕೊಂಡು ನೋಡಿ.

ಕೆಲವು ವರ್ಷಗಳ ಹಿಂದೆ ಒಂದು ಕಲ್ಯಾಣ ಮಂಟಪದಲ್ಲಿ ಇಂಥ ಪ್ರದರ್ಶನಕ್ಕೆ ನನ್ನನ್ನೂ ಕರೆದಿದ್ದರು. ಎರಡು ಜಡೆಯ ಹುಡುಗಿ, ಹತ್ತು ವರ್ಷವಿರಬಹುದು. ಪುಸ್ತಕವನ್ನು ಎದೆಯ ಹತ್ತಿರ ಹಿಡಿದು, ಗಲ್ಲ ಒಂಚೂರು ಮೇಲೆತ್ತಿ, ತಲೆ ಓರೆ ಮಾಡಿ ಸರಾಗವಾಗಿ ಓದಿದಳು. ನಾನು ಊಟದ ಹಾಲ್‌ನಿಂದ ಒಂದು ಸ್ಟೀಲ್ ತಟ್ಟೆ ತಂದು ಅವಳ ಮೂಗಿನ ಕೆಳಗೆ ಅಡ್ಡ ಹಿಡಿದೆ. ಓದು ನಿಂತಿತು. ತರಬೇತುದಾರ ‘ಸರ್ ಅವರ ನೆಗೆಟಿವ್ ಎನರ್ಜಿ’ ಎಂದ. ಸಭೆ ಅದನ್ನೂ ನಂಬಿತು! ಹುಡುಗಿ ಮಾತ್ರ ಅಳತೊಡಗಿದಳು. ಆ ತಟ್ಟೆ ಹಿಡಿದದ್ದಕ್ಕೆ ನನಗೆ ಇಂದಿಗೂ ಕಸಿವಿಸಿ. ಸಿಕ್ಕಿಬೀಳಬೇಕಿದ್ದವನು ಅವನು, ಬಿದ್ದದ್ದು ಅವಳು. ಆದ್ದರಿಂದ ಪರೀಕ್ಷೆ ಮಾಡುವುದಿದ್ದರೆ ಮಗುವನ್ನು ವೇದಿಕೆಯಲ್ಲಿ ನಿಲ್ಲಿಸಬೇಡಿ. ಪಟ್ಟಿಯನ್ನು ಆ ತರಬೇತುದಾರನಿಗೇ ಕಟ್ಟಿ, ಪುಸ್ತಕವನ್ನು ಅವನ ಹಣೆಯ ಮಟ್ಟದಲ್ಲಿ ನೀವು ಹಿಡಿಯಿರಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಈ ಕಣ್ಕಟ್ಟನ್ನು ವರ್ಷಗಳಿಂದ ಬಯಲು ಮಾಡುತ್ತ ಬಂದಿದ್ದಾರೆ, ಆದರೂ ಬ್ಯಾನರ್‌ಗಳು ಕಡಿಮೆಯಾಗಿಲ್ಲ.

ಅದಿರಲಿ, ಆ ಶಿಬಿರದಲ್ಲಿ ಮಧ್ಯಮಿದುಳು ಒಂದು ಕೆಲಸವನ್ನಂತೂ ಖಂಡಿತ ಮಾಡುತ್ತದೆ. ಹುರುಪಿಗೆ ಬೇಕಾದ ರಾಸಾಯನಿಕ ಡೋಪಮೈನ್ ಸುರಿಸುವ ಮುಖ್ಯ ನರಕೋಶಗಳಿರುವುದು ಅಲ್ಲೇ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಈ ಕೋಶಗಳ ಸದ್ದು ಆಲಿಸಿದರು. ಎಣಿಸದೆ ಹಣ್ಣಿನ ರಸ ಸಿಕ್ಕಾಗ ಕೋಶಗಳು ಜೋರಾಗಿ ಮಿಡಿದವು. ಅಭ್ಯಾಸವಾದ ಮೇಲೆ ರಸದ ಮುನ್ಸೂಚನೆಯಾಗಿ ಹೊತ್ತುವ ದೀಪಕ್ಕೇ ಮಿಡಿದವು. ದೀಪ ಹೊತ್ತಿಯೂ ರಸ ಬಾರದಿದ್ದರೆ ಮಿಡಿತ ಕುಸಿಯಿತು. ಈಗ ನಿಮ್ಮ ಮಗನನ್ನು ಅಲ್ಲಿ ಕೂರಿಸಿ ನೋಡಿ. ಓದಿನಲ್ಲಿ ಹಿಂದೆ ಎನಿಸಿಕೊಂಡ ಹುಡುಗ. ಒಮ್ಮೆ ಸಂದಿನಿಂದ ಕಂಡದ್ದನ್ನು ಹೇಳುತ್ತಾನೆ. ಸಭೆ ಚಪ್ಪಾಳೆ ತಟ್ಟುತ್ತದೆ, ಅಮ್ಮನ ಕಣ್ಣಲ್ಲಿ ನೀರು. ಮುಂದಿನ ಸಲ ಪಟ್ಟಿ ಕಂಡರೇ ಅವನಿಗೆ ಹುರುಪು. ಕದ್ದು ನೋಡು, ಹೇಳಬೇಡ: ಎರಡು ದಿನದಲ್ಲಿ ಇಷ್ಟು ಕಲಿತು ಬರುತ್ತಾನೆ. ಮನೆಯಲ್ಲಿ ‘ನಿಜವಾಗ್ಲೂ ಕಾಣ್ಸುತ್ತಾ ಪುಟ್ಟಾ?’ ಎಂದು ನೀವು ಕೇಳಿದಾಗ ನಿಜ ಹೇಳುವ ಧೈರ್ಯ ಅವನಿಗೆಲ್ಲಿಂದ ಬರಬೇಕು? 25 ಸಾವಿರ ಹೋಗಿರುತ್ತದೆ.

ಓದಿನಲ್ಲಿ ಹಿಂದೆ ಎಂದಿರಿ. ಕಣ್ಣು, ಕಿವಿ ತೋರಿಸಿದ್ದೀರಾ? ರಾತ್ರಿ ಎಷ್ಟು ಹೊತ್ತು ಮಲಗುತ್ತಾನೆ? ಅಕ್ಷರ ಕೂಡಿಸಿ ಓದಲು ತಡವರಿಸುತ್ತಾನೆಯೇ, ಲೆಕ್ಕಕ್ಕೆ ಮಾತ್ರ ತೊಡಕೇ? ಇದನ್ನೆಲ್ಲ ಬರೆದುಕೊಂಡು ಮಕ್ಕಳ ಡಾಕ್ಟರನ್ನೋ ಕಲಿಕೆಯ ತೊಂದರೆ ಪರೀಕ್ಷಿಸುವ ಮನಶ್ಶಾಸ್ತ್ರಜ್ಞರನ್ನೋ ಕಾಣಿ.

ಪ್ರಶ್ನೆ: ಮಗಳು ಎಡಗೈಯಲ್ಲಿ ಬರೆಯುತ್ತಾಳೆ. ಬಲಮಿದುಳಿನವಳು, ಆರ್ಟ್ಸೇ ಕೊಡಿಸಿ ಅಂತಾರೆ.

ಆರ್ಟ್ಸ್ ಇಷ್ಟವಿದ್ದರೆ ಕೊಡಿಸಿ. ಎಡಗೈಯವರಲ್ಲೂ ಬಹುಪಾಲು ಮಂದಿಗೆ ಭಾಷೆ ಎಡಮಿದುಳಿನಲ್ಲೇ ಇರುತ್ತದೆ. ಈ ಎಡ-ಬಲದ ಮಾತಿಗೆ ಮೂಲವಾದ, ನರವಿಜ್ಞಾನಿ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ತಂದ ಸಂಶೋಧನೆಯಲ್ಲಿದ್ದವರು ಮೂರ್ಛೆರೋಗಕ್ಕಾಗಿ ಎರಡು ಅರ್ಧಗೋಳಗಳ ನಡುವಿನ ಸೇತುವೆ ಕತ್ತರಿಸಿಕೊಂಡಿದ್ದವರು. ನಿಮ್ಮ ಮಗಳ ಸೇತುವೆ ನೆಟ್ಟಗಿದೆ.

ಪ್ರಶ್ನೆ: ಮಿದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸುತ್ತೇವಂತೆ, ಹೌದೇ?

ಇಲ್ಲ. ದೇಹದ ತೂಕದಲ್ಲಿ ಶೇ 2ರಷ್ಟಿದ್ದು ಶಕ್ತಿಯಲ್ಲಿ ಶೇ 20ರಷ್ಟು ತಿನ್ನುವ ಅಂಗ ಅದು. ಒಂಬತ್ತು ಪಾಲು ಖಾಲಿ ಕೂತಿದ್ದರೆ ಯಾವ ದೇಹ ಸಾಕೀತು?

ಪ್ರಶ್ನೆ: ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಟ್ಟರೆ ತಕ್ಷಣ ನಿಲ್ಲುತ್ತದೆ, ನಾನೇ ನೋಡಿದ್ದೇನೆ.

ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ. ನೀವು ಬೀಗದಕೈ ಹುಡುಕಿ ತರುವುದಕ್ಕೂ ಅಷ್ಟೇ ಹೊತ್ತು ಬೇಕು. ಅದರ ಬದಲು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಪ್ರಶ್ನೆ: ನೆನಪಿನ ಶಕ್ತಿಗೆ ಒಳ್ಳೆಯ ಟಾನಿಕ್ ಹೇಳಿ, ಪರೀಕ್ಷೆಗೆ ಹದಿನೈದು ದಿನ ಇದೆ.

ನಿದ್ದೆ. ಅಂಗಡಿಯಲ್ಲಿ ಸಿಗುವುದಿಲ್ಲ.