ಕೇಳಿ, ಹೇಳ್ತೀವಿ: ಟೆಕ್ಸಾಸಿನ ಗರಗರ ಪ್ಲೇಟುಗಳು

ಪ್ರಶ್ನೆ: ನಮ್ಮ ಹೋಮ್‌ಸ್ಟೇಗೆ ಬಂದಿದ್ದವರೊಬ್ಬರು ಲೈಟ್ನಿನ್ ಹಾಪ್ಕಿನ್ಸ್ ಎಂಬ ಗಾಯಕನ ಬ್ಲೂಸ್ (ಅಮೆರಿಕದ ಕಪ್ಪು ಜನರ ನೋವಿನ ಹಾಡು) ಕೇಳಿಸಿದರು. 1940ರ ದಶಕದ್ದು, ಗೋಲ್ಡ್ ಸ್ಟಾರ್ ಕಂಪನಿಯದು ಅಂದರು. ಒಂದು ಗಿಟಾರು, ಒಬ್ಬನೇ ಹಾಡುಗಾರ, ಜೊತೆಗೆ ಬರೀ ಗರಗರ. ಅಮೆರಿಕದಲ್ಲೂ ಇಷ್ಟು ಒರಟಾಗಿ ಯಾಕೆ ರೆಕಾರ್ಡ್ ಮಾಡಿದರು ಸರ್?
– ಓದುಗರು, ಸಿದ್ದಾಪುರ

ಉತ್ತರ: ಅಮೆರಿಕ ಅಂದರೆ ದೊಡ್ಡ ಸ್ಟುಡಿಯೋನೇ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಗೋಲ್ಡ್ ಸ್ಟಾರ್ ಅಂಥದ್ದಲ್ಲ. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ ಬಿಲ್ ಕ್ವಿನ್ ಎಂಬ ರಿಪೇರಿ ಕೆಲಸದ ಮನುಷ್ಯ ನಡೆಸುತ್ತಿದ್ದ ಪುಟ್ಟ ಕಂಪನಿ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಗ್ರಾಮಫೋನ್ ಪ್ಲೇಟಿಗೆ ಬೇಕಾದ ಅರಗು ಸಿಗುವುದೇ ಕಷ್ಟವಾಗಿತ್ತು. ಅರಗು ಹೋಗುತ್ತಿದ್ದದ್ದು ಹೆಚ್ಚಾಗಿ ನಮ್ಮ ದೇಶದಿಂದಲೇ! 1942ರಲ್ಲಿ ಅಲ್ಲಿನ ಸರ್ಕಾರ ಅದರ ಬಳಕೆಗೆ ಕಡಿವಾಣ ಹಾಕಿತು, ಅದೇ ವರ್ಷ ವಾದ್ಯಗಾರರ ಸಂಘ ರೆಕಾರ್ಡಿಂಗ್ ವಿರುದ್ಧ ಮುಷ್ಕರ ಹೂಡಿತು, ಹೀಗಾಗಿ ದೊಡ್ಡ ಕಂಪನಿಗಳು ದೇಶವಿಡೀ ಮಾರಾಟವಾಗುವ ಹೆಸರುಗಳನ್ನೇ ನೆಚ್ಚಿಕೊಂಡವು. ಹಳ್ಳಿಯ ಗಿಟಾರಿನವನನ್ನು ಕೇಳುವವರು ಯಾರು? ಯುದ್ಧ ಮುಗಿದ ಮೇಲೆ ಆ ಜಾಗಕ್ಕೆ ಬಂದವರೇ ಕ್ವಿನ್ ಥರದ ಸಣ್ಣವರು. ಆತ ಪ್ಲೇಟು ಒತ್ತುವ ಕೆಲಸವನ್ನೂ ತಾನೇ ಕಲಿತ. 1946ರಲ್ಲಿ ಹ್ಯಾರಿ ಷೋಟ್ಸ್ ಎಂಬ ಪಿಟೀಲು ಹುಡುಗನ ‘ಜೋಲ್ ಬ್ಲಾನ್’ ಹಿಟ್ ಆಯಿತು. ಮರುವರ್ಷ ಹಾಪ್ಕಿನ್ಸ್ ಬಂದ.

ಹಾಪ್ಕಿನ್ಸ್ ಅದಕ್ಕೂ ಮುಂಚೆ, 1946ರಲ್ಲಿ, ಲಾಸ್ ಏಂಜಲಿಸ್‌ಗೆ ಹೋಗಿ ಅಲಾಡಿನ್ ಕಂಪನಿಗೆ ಹಾಡಿದ್ದ. ಜೊತೆಗಿದ್ದ ಪಿಯಾನೋದವನಿಗೆ ‘ಥಂಡರ್’ (ಗುಡುಗು) ಅಂತ ಹೆಸರು, ಹಾಗಾಗಿ ಇವನಿಗೆ ‘ಲೈಟ್ನಿನ್’ (ಮಿಂಚು) ಅಂತಾಯಿತು. ಆದರೆ ಅವನಿಗೆ ಊರು ಬಿಟ್ಟಿರಲು ಆಗದು. ಕ್ವಿನ್ ಸ್ಟುಡಿಯೋ ಹತ್ತಿರ, ಹಾಡಿದ ಕೂಡಲೇ ಕೈಗೆ ನಗದು. ರಾಯಲ್ಟಿ ಗೀಯಲ್ಟಿ ಅವನಿಗೆ ಬೇಡ.

ಟೇಪು ಇನ್ನೂ ಬಳಕೆಗೆ ಬಂದಿರಲಿಲ್ಲ. ಹಾಡು ನೇರ ಡಿಸ್ಕಿಗೇ ಇಳಿಯಬೇಕು, ತಪ್ಪಿದರೆ ಮತ್ತೆ ಮೊದಲಿಂದ. ಒಂದು ಮಗ್ಗುಲಿಗೆ ಸುಮಾರು 3 ನಿಮಿಷ. ಹಾಪ್ಕಿನ್ಸ್ ತಾಳ ತನಗೆ ಬೇಕಾದಷ್ಟು ಎಳೆಯುತ್ತಿದ್ದ, ಮನಸ್ಸು ಬಂದಾಗ ಸ್ವರ ಬದಲಿಸುತ್ತಿದ್ದ, ಜೊತೆಗೆ ನುಡಿಸುವವರು ಬೆವರಬೇಕು. ಅದಕ್ಕೇ ಒಬ್ಬನೇ ಹಾಡಿದ್ದು ಒಳ್ಳೆಯದೇ ಆಯಿತು. ಇವನು ಆಮೇಲೆ, 1960ರ ದಶಕದಲ್ಲಿ, ಕಾಲೇಜು ಹುಡುಗರಿಗಾಗಿ ಮಾಡಿದ ಎಲ್ಪಿಗಳಿಗಿಂತ (ಹೆಚ್ಚು ಹೊತ್ತು ಓಡುವ ಪ್ಲೇಟು) ನನಗೆ ಈ ಗರಗರದವೇ ಇಷ್ಟ. ಇಲ್ಲಿ ಅವನು ಹಾಡುತ್ತಿರುವುದು ಹ್ಯೂಸ್ಟನ್ನಿನ ತನ್ನ ಜನಕ್ಕೆ.

‘ಟಿಮ್ ಮೂರ್ಸ್ ಫಾರ್ಮ್’ ಹುಡುಕಿ ಕೇಳಿ. ಕಾಫಿ ತೋಟದ ಕೂಲಿಯವರ ಲೈನ್ ಮನೆಗಳ ಕಥೆ ಗೊತ್ತಿರುವ ನಮ್ಮ ಕಡೆಯವರಿಗೆ ಅದು ಬೇಗ ತಟ್ಟುತ್ತದೆ. ಟೆಕ್ಸಾಸಿನ ದೊಡ್ಡ ಜಮೀನ್ದಾರನ ಕೈಕೆಳಗೆ ದುಡಿಯುವವನ ಹಾಡು. ಜಮೀನ್ದಾರನ ನಿಜವಾದ ಹೆಸರು ಟಾಮ್, ಪ್ಲೇಟಿನ ಮೇಲೆ ಟಿಮ್ ಆಯಿತು. ಯಾಕೆ ಅಂತ ಬಿಡಿಸಿ ಹೇಳಬೇಕಾ?

ಪ್ರಶ್ನೆ: ಗೋಲ್ಡ್ ಸ್ಟಾರ್‌ನಲ್ಲಿ ಹಾಪ್ಕಿನ್ಸ್ ಬಿಟ್ಟು ಇನ್ಯಾರು? ಈಗ ಎಲ್ಲಿ ಸಿಗುತ್ತದೆ?
– ಓದುಗರು, ಗೋಣಿಕೊಪ್ಪ

ಉತ್ತರ: ಲಿಲ್ ಸನ್ ಜಾಕ್ಸನ್. ಮೆತ್ತಗಿನ ಕಂಠ, ಅವಸರವೇ ಇಲ್ಲ. 1948ರಲ್ಲಿ ಅವನ ‘ಫ್ರೀಡಂ ಟ್ರೇನ್ ಬ್ಲೂಸ್’ ಚೆನ್ನಾಗಿ ಓಡಿತು. ಈ ಪ್ಲೇಟುಗಳನ್ನು ಮತ್ತೆ ಹೊರತಂದವರು ಆರ್‌ಹೂಲಿ ಕಂಪನಿ ಕಟ್ಟಿದ ಕ್ರಿಸ್ ಸ್ಟ್ರಾಕ್ವಿಟ್ಸ್. ಹಾಪ್ಕಿನ್ಸನನ್ನು ಹುಡುಕಿಕೊಂಡು 1959ರಲ್ಲಿ ಹ್ಯೂಸ್ಟನ್ನಿಗೇ ಹೋದ ಪುಣ್ಯಾತ್ಮ! 2016ರಲ್ಲಿ ಆರ್‌ಹೂಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕೈ ಸೇರಿತು.

ಪ್ರಶ್ನೆ: ಅಟ್ಟದಲ್ಲಿ ತಾತನ ಕಾಲದ ಗ್ರಾಮಫೋನ್ ಪ್ಲೇಟುಗಳಿವೆ. ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ. ಸ್ಯಾನಿಟೈಸರ್ ಹಾಕಿ ಒರೆಸಲಾ?
– ಓದುಗರು, ವಿರಾಜಪೇಟೆ

ಉತ್ತರ: ಅಯ್ಯೋ, ಬೇಡ! ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಹಾಡು ಹೋಯಿತು ಅಂತಲೇ ಲೆಕ್ಕ. ಡಿಸ್ಟಿಲ್ಡ್ ವಾಟರ್‌ಗೆ ಒಂದು ತೊಟ್ಟು ಪಾತ್ರೆ ಸೋಪು ಸೇರಿಸಿ, ಮೆತ್ತನೆ ಬಟ್ಟೆಯಲ್ಲಿ ಗೀರುಗಳ ಜೊತೆಜೊತೆಗೇ ಸುತ್ತ ಒರೆಸಿ. ನಡುವಿನ ಲೇಬಲ್ ಒದ್ದೆಯಾಗಬಾರದು. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ, ನೆರಳಲ್ಲೇ ಒಣಗಿಸಿ, ಕಾಗದದ ಕವರಿನಲ್ಲಿ ನಿಲ್ಲಿಸಿಡಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ನಮ್ಮ ಊರಿನ ತೇವಕ್ಕೆ ಬೂಷ್ಟು ಇನ್ನೂ ಜಾಸ್ತಿ. ಕೀಲಿ ಕೊಡುವ ಗ್ರಾಮಫೋನ್ ಆದರೆ ಪ್ರತಿ ಮಗ್ಗುಲಿಗೂ ಉಕ್ಕಿನ ಮುಳ್ಳು ಬದಲಿಸಿ. ಹೊಸ ಟರ್ನ್‌ಟೇಬಲ್ ಆದರೆ ನಿಮಿಷಕ್ಕೆ 78 ಸುತ್ತು ತಿರುಗುವ ಈ ಪ್ಲೇಟುಗಳಿಗೆ ದಪ್ಪ ಮುಳ್ಳು ಬೇರೆಯೇ ಬೇಕು, ಎಲ್ಪಿ ಮುಳ್ಳು ಈ ಅಗಲದ ಗೀರಿಗೆ ಸಾಲದು.