ಹಳೇ ಪ್ಲಾಸ್ಟಿಕ್ ಸಾಮಾನಿನಿಂದ ಕುದುರೆ ಮಾಡ್ತಿದ್ದೇನೆ, ಯಾವ ಗಮ್ ಹಾಕಿದರೂ ನಿಲ್ಲುತ್ತಿಲ್ಲ, ಏನು ಮಾಡಲಿ?

ಗಮ್ ಬಿಟ್ಟುಬಿಡಿ. ತಂತಿಯಲ್ಲಿ ಕಟ್ಟಿ.

ನನ್ನ ಮೊದಲ ಕುದುರೆಗೂ ಇದೇ ಗತಿ ಆಗಿತ್ತು. ಮುರಿದ ಮಗ್, ಸೌಟು, ಹಲ್ಲುದುರಿದ ಬಾಚಣಿಗೆ ಎಲ್ಲ ಸೇರಿಸಿ ಎರಡು ಭಾನುವಾರ ಕೂತು ಅಂಟಿಸಿದ್ದೆ. ಶೋಕೇಸ್ ಮೇಲಿಟ್ಟು ಫ್ಯಾನ್ ಹಾಕಿದೆ ನೋಡಿ, ಮೊದಲು ಕಿವಿ ಬಿತ್ತು, ಸಂಜೆಯೊಳಗೆ ಬಾಲ. ತಪ್ಪು ಗಮ್ಮಿನದಲ್ಲ. ಡಬ್ಬಿ, ಬಕೆಟ್‌ಗಳ ತಳದಲ್ಲಿ ಸಣ್ಣ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದಲ್ವಾ? ಅದು ಪ್ಲಾಸ್ಟಿಕ್ಕಿನ ಜಾತಿ ಹೇಳುತ್ತದೆ, 2 ಇದ್ದರೆ ಎಚ್‌ಡಿಪಿಇ, 5 ಇದ್ದರೆ ಪಾಲಿಪ್ರೊಪಿಲೀನ್. ಮನೆ ಸಾಮಾನಲ್ಲಿ ಇವೇ ಜಾಸ್ತಿ. ಇವುಗಳ ಮೈ ಮೇಣದ ಹಾಗೆ, ಮಾಮೂಲಿ ಗಮ್ ಹಿಡಿಯೋದೇ ಇಲ್ಲ, ಬಣ್ಣ ಹಚ್ಚಿದರೂ ಸಿಪ್ಪೆ ಥರ ಎದ್ದು ಬರುತ್ತದೆ.

ಸಯಾಕಾ ಗಾಂಜ್ ಅಂತ ಒಬ್ಬ ಕಲಾವಿದೆ ಇದ್ದಾರೆ. ಹುಟ್ಟಿದ್ದು ಜಪಾನಿನ ಯೊಕೊಹಾಮದಲ್ಲಿ, ಕೆಲಸ ಮಾಡೋದು ಅಮೆರಿಕದಲ್ಲಿ. ಅವರ 'ಎಮರ್ಜೆನ್ಸ್' ಅನ್ನೋ ಜೋಡಿ ಕುದುರೆಗಳ ಫೋಟೊ ಹುಡುಕಿ ನೋಡಿ, ಒಂದು ಕರಿ, ಒಂದು ಬಿಳಿ. ಹತ್ತಿರದಿಂದ ಬರೀ ಅಡುಗೆಮನೆ ಸಾಮಾನು, ದೂರದಿಂದ ಓಡುವ ಕುದುರೆ. ಒಳಗೆ ಲೋಹದ ಹಂದರ, ಅದಕ್ಕೆ ಒಂದೊಂದೇ ಸಾಮಾನು ಕಟ್ಟುತ್ತಾ ಹೋಗುತ್ತಾರೆ.

ನಮಗೆ ವೆಲ್ಡಿಂಗ್ ಎಲ್ಲ ಬೇಡ. ದಪ್ಪ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯಲ್ಲಿ ಬೆನ್ನು, ಕುತ್ತಿಗೆ, ಕಾಲು ಬಗ್ಗಿಸಿಕೊಂಡು, ಹೊಟ್ಟೆ ಭಾಗಕ್ಕೆ ಕೋಳಿಗೂಡಿಗೆ ಹಾಕುವ ಜಾಲರಿ ಸುತ್ತಿ, ಕಂಬಿ ಕಟ್ಟುವವರು ಬಳಸುವ ಬೈಂಡಿಂಗ್ ವೈರ್ ಅಥವಾ ಕೇಬಲ್ ಟೈಯಲ್ಲಿ ಸಾಮಾನು ಬಿಗಿದರೆ ಸಾಕು, ಅಲ್ಲಾಡೋದಿಲ್ಲ. ತೂತಿಗೆ ಸಣ್ಣ ಡ್ರಿಲ್ ಒಳ್ಳೇದು. ಕಾಯಿಸಿದ ಮೊಳೆ ಚುಚ್ಚಬೇಡಿ, ಅದರಲ್ಲೂ ಪಿವಿಸಿ ಪೈಪಿನ ತುಂಡಿಗಂತೂ ಬೇಡವೇ ಬೇಡ, ಕಾದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಎದೆಗೆ ಕೆಟ್ಟದ್ದು. ಪಟ್ ಅಂತ ಒಡೆಯುವ ಗಾಜಿನಂಥ ಪ್ಲಾಸ್ಟಿಕ್ ಆದರೆ ಮೇಲೆ ಟೇಪ್ ಅಂಟಿಸಿ ನಿಧಾನಕ್ಕೆ ಕೊರೆಯಿರಿ.

ಇನ್ನು ನೀವು ಕೇಳದೇ ಇರೋ ವಿಷಯ, ಆದರೆ ಕುದುರೆ ಕುದುರೆಯಂತೆ ಕಾಣೋದು ಇದರಿಂದಲೇ. ಹಸುವಿನ ಮೈ ಸವರಿದವರಿಗೆ ಗೊತ್ತು, ಕೂದಲು ಎಲ್ಲ ಕಡೆ ಒಂದೇ ದಿಕ್ಕಿಗೆ ಇರೋದಿಲ್ಲ, ಕುತ್ತಿಗೆಯಲ್ಲಿ ಒಂದು ಓಟ, ತೊಡೆಯಲ್ಲಿ ಇನ್ನೊಂದು. ಚಮಚ, ಸೌಟುಗಳನ್ನು ಆ ಓಟಕ್ಕೆ ಸರಿಯಾಗಿ ಜೋಡಿಸಿ. ಸಂದು ಕಂಡರೆ ತುಂಬಿಸಲು ಹೋಗಬೇಡಿ, ನಾನು ಎರಡನೇ ಕುದುರೆಗೆ ಒಂದು ಸಂದೂ ಬಿಡದೆ ತುಂಬಿಸಿ ಅದನ್ನು ಎಮ್ಮೆ ಮಾಡಿಟ್ಟಿದ್ದೇನೆ. ಸಾಮಾನನ್ನು ಕತ್ತರಿಸಿ ಕುದುರೆಯ ಆಕಾರಕ್ಕೆ ತರೋದೂ ನನಗೆ ಇಷ್ಟವಿಲ್ಲ. ಹ್ಯಾಂಗರಿನ ಬಾಗು ಹೆಗಲಿಗೆ ಹಾಗೇ ಕೂರುತ್ತದೆ, ಮಗ್ಗಿನ ಹಿಡಿ ದವಡೆಗೆ. ಬೇಕಾದ ಆಕಾರ ಸಿಗಲಿಲ್ಲ ಅಂದರೆ ಗುಜರಿ ಅಂಗಡಿಗೆ ಹೋಗಿ ಕೆದಕಿ, ತೂಕಕ್ಕೆ ಕೊಡುತ್ತಾರೆ. ನನ್ನ ಕುದುರೆಯ ಎದೆ ಅಲ್ಲೇ ಸಿಕ್ಕ ಬಿಂದಿಗೆಯ ಅರ್ಧ.

ಬಿಸಿಲಲ್ಲಿ ಇಡಬೇಡಿ, ಪ್ಲಾಸ್ಟಿಕ್ ಬಿಸಿಲಿಗೆ ಪೆಡಸಾಗಿ ಮುಟ್ಟಿದರೆ ಪುಡಿಯಾಗುತ್ತದೆ. ಟೆರೇಸ್ ಮೇಲೇ ಇಡಬೇಕು ಅಂದರೆ ಕಪ್ಪು ಸಾಮಾನು ಆರಿಸಿ. ಅದಕ್ಕೆ ಸಾಮಾನ್ಯವಾಗಿ ಇಂಗಾಲದ ಮಸಿ ಬೆರೆಸಿರುತ್ತಾರೆ, ಸ್ವಲ್ಪ ಜಾಸ್ತಿ ದಿನ ತಡೆಯುತ್ತದೆ.

ಹಾಂ, ಕಟ್ಟಿ ಮುಗಿದ ಮೇಲೆ ತಂತಿಯ ತುದಿಗಳನ್ನೆಲ್ಲ ಒಳಕ್ಕೆ ಮಡಚಿ. ನಮ್ಮಮ್ಮ ಧೂಳು ಒರೆಸಲು ಹೋಗಿ ಕೈ ಗೀರಿಕೊಂಡು, ಈಗ ಆ ಕುದುರೆ ಇರೋ ಮೂಲೆಯನ್ನೇ ಗುಡಿಸೋದಿಲ್ಲ.