ಜಪಾನಿನ ನಿಕ್ಕೋದಲ್ಲಿ ಒಂದು ರಾತ್ರಿ ತಂಗಲು ಯಾವ ಜಾಗ ಸೂಕ್ತ?

ತೋಶೋಗು ದೇಗುಲವೇ ಮುಖ್ಯವಾದರೆ ಶಿಂಕ್ಯೋ ಸೇತುವೆಯ ಆಸುಪಾಸಿನಲ್ಲಿ ಕೋಣೆ ಹಿಡಿಯಿರಿ. ಬೆಳಿಗ್ಗೆ 9ಕ್ಕೆ ಬಾಗಿಲು ತೆರೆಯುವ ಹೊತ್ತಿಗೆ, ಟೋಕಿಯೋದ ಜನಸಂದಣಿ ಬರುವ ಮೊದಲೇ ನಡೆದು ಹೋಗಬಹುದು. ರೈಲು ನಿಲ್ದಾಣದ ಬಳಿ ಉಳಿದರೆ ಅರ್ಧ ಗಂಟೆಯ ಏರುದಾರಿ ಅಥವಾ ಬಸ್ಸು.

ಚೂಜೆಂಜಿ ಸರೋವರದ ದಂಡೆ 1,269 ಮೀಟರ್ ಎತ್ತರದಲ್ಲಿದೆ, ತಂಪು, ಬಲು ಚೆಂದ. ಆದರೆ ಅಕ್ಟೋಬರ್‌ನಲ್ಲಿ ಎಲೆಗಳು ಕೆಂಪಾದಾಗ ಅಲ್ಲಿಗೆ ಹೋಗಿಬರುವ ಇರೋಹಾಜಾಕಾ ಘಾಟಿಯ 48 ತಿರುವುಗಳಲ್ಲಿ ಬಸ್ಸು ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಒಂದೇ ರಾತ್ರಿಗೆ ಬೇಡ.

ಊರಿನ ಊಟದ ಹೋಟೆಲುಗಳು ಹೆಚ್ಚಾಗಿ ಸಂಜೆಗೇ ಮುಚ್ಚುವುದರಿಂದ ರಾತ್ರಿಯೂಟ ಸೇರಿರುವ ಸಾಂಪ್ರದಾಯಿಕ ಜಪಾನಿ ತಂಗುಮನೆ, ಅಂದರೆ ರ‍್ಯೋಕಾನ್ ಮೇಲು. ಸಸ್ಯಾಹಾರಿಗಳು ಕಾದಿರಿಸುವಾಗಲೇ ‘ಮೀನಿನ ದಾಶಿ ಸಾರೂ ಬೇಡ’ ಎಂದು ಬರೆಯಬೇಕು. ಇಲ್ಲಿನ ವಿಶೇಷವಾದ ಯುಬಾ ಸೋಯಾ ಹಾಲಿನ ಕೆನೆಯೇ ಆದರೂ ಹಲವೆಡೆ ಅದನ್ನು ಆ ಸಾರಿನಲ್ಲೇ ಬೇಯಿಸುತ್ತಾರೆ.